ಸ್ಮಾರಕದ ಕಲ್ಲಿನ ಮೇಲಿರುವ ಆ ಹೆಸರು ಯಾರದು? ಹುಡುಕೋದು ಹೀಗೆ

ಮಡಿಕೇರಿ ಸಣ್ಣ ಊರು. ಆದರೆ ಪೇಟೆಯಲ್ಲಿ ಒಂದು ಸುತ್ತು ಹಾಕಿದರೆ ಸರ್ಕಲ್ಲಿಗೊಬ್ಬ ಯೋಧರು ಸಿಗುತ್ತಾರೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ, ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ, ಮೇಜರ್ ಮಂಗೇರಿರ ಮುತ್ತಣ್ಣ. 1837ರ ಅಕ್ಟೋಬರ್ 31ರಂದು ಬ್ರಿಟಿಷರು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದ ಗುಡ್ಡೆಮನೆ ಅಪ್ಪಯ್ಯ ಗೌಡರ ಪ್ರತಿಮೆಯೂ ಇದೆ. ತಿಮ್ಮಯ್ಯನವರ ಮನೆ ‘ಸನ್ನಿಸೈಡ್’ ಬಹಳ ಕಾಲ ಆರ್‌ಟಿಓ ಕಚೇರಿ ಆಗಿತ್ತು. ಅಲ್ಲಿಗೆ ಲೈಸೆನ್ಸ್ ಮಾಡಿಸಲು ಹೋಗಿ ಬಂದವರಲ್ಲಿ ಎಷ್ಟು ಜನರಿಗೆ ಅದು ಯಾರ ಮನೆ ಅಂತ ಗೊತ್ತಿತ್ತೋ ಏನೋ. 2021ರ ಫೆಬ್ರವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಅದನ್ನು ಮ್ಯೂಸಿಯಂ ಆಗಿ ಉದ್ಘಾಟಿಸಿದರು. ಆವರಣದಲ್ಲೇ ಯುದ್ಧ ಸ್ಮಾರಕವೂ ಇದೆ.

ಇಷ್ಟು ಜನರ ಬಗ್ಗೆ ತಿಳಿಯೋದು ಕಷ್ಟವಲ್ಲ. ಫೋನ್‌ನಲ್ಲಿ ಹೆಸರು ಹಾಕಿದರೆ ಸಾಕು, ಎಲ್ಲ ಬರುತ್ತದೆ. ಕಷ್ಟ ಇರೋದು ಸಿಪಾಯಿಯ ಹೆಸರಲ್ಲಿ. ನಿಮ್ಮ ಊರಿನ ಸ್ಮಾರಕದಲ್ಲೋ, ಶಾಲೆಯ ಗೋಡೆಯ ಕಲ್ಲಿನಲ್ಲೋ, ಬಸ್ ಸ್ಟ್ಯಾಂಡ್ ಪಕ್ಕದ ಕಟ್ಟೆಯಲ್ಲೋ ಒಂದು ನಂಬರ್, ಒಂದು ಹುದ್ದೆ, ಒಂದು ಇನಿಶಿಯಲ್, ಒಂದು ಹೆಸರು ಇರುತ್ತದೆ, ಆ ಊರಲ್ಲೇ ಹುಟ್ಟಿ ಬೆಳೆದ ಹುಡುಗರಿಗೂ ಅದು ಯಾರು ಅಂತ ಗೊತ್ತಿರುವುದಿಲ್ಲ. ಈ ಬರಹ ಇರೋದು ಆ ಒಂದು ಸಾಲಿಗಾಗಿ. ಆಫೀಸರ್‌ಗಳ ಕಥೆ ಬರೆಯಲು ಬೇಕಾದಷ್ಟು ಜನ ಇದ್ದಾರೆ. ನಿಮ್ಮ ಸಮಯವನ್ನು ಜವಾನನ ಮೇಲೆ ಖರ್ಚು ಮಾಡಿ.

ಮೊದಲು ಕಲ್ಲನ್ನು ಸರಿಯಾಗಿ ಓದಿ

ಕೇಳಲು ಸುಲಭ, ಆದರೆ ಅರ್ಧ ಜನ ಎಡವುವುದೇ ಇಲ್ಲಿ. ಮಧ್ಯಾಹ್ನದ ನೆತ್ತಿ ಬಿಸಿಲಲ್ಲಿ ಕೆತ್ತಿದ ಅಕ್ಷರ ಕಾಣುವುದಿಲ್ಲ. ಬೆಳಿಗ್ಗೆ ಬೇಗ ಅಥವಾ ಸಂಜೆ ಹೋಗಿ, ಬೆಳಕು ಪಕ್ಕದಿಂದ ಬೀಳಬೇಕು. ಸವೆದ ಕಲ್ಲಾದರೆ ಕತ್ತಲಾದ ಮೇಲೆ ಹೋಗಿ ಟಾರ್ಚನ್ನು ಕಲ್ಲಿಗೆ ಒತ್ತಿದ ಹಾಗೆ ಪಕ್ಕದಿಂದ ಹಿಡಿಯಿರಿ. ಹಗಲಲ್ಲಿ ಇಲ್ಲವೇ ಇಲ್ಲ ಅನ್ನಿಸಿದ ಅಕ್ಷರದ ಅಂಚಿನಲ್ಲಿ ನೆರಳು ಬಿದ್ದು, ‘3’ ಮತ್ತು ‘8’ ಬೇರೆ ಬೇರೆಯಾಗಿ ಕಾಣುತ್ತವೆ. ಈಗಿನ ಕಪ್ಪು ಗ್ರಾನೈಟ್ ಆದರೆ ಸಮಸ್ಯೆ ಉಲ್ಟಾ, ಫೋಟೋದಲ್ಲಿ ಹೆಸರಿಗಿಂತ ನಿಮ್ಮ ಮುಖವೇ ಜಾಸ್ತಿ ಕಾಣುತ್ತದೆ. ಸ್ವಲ್ಪ ಓರೆಯಾಗಿ ನಿಂತು, ಬೆನ್ನ ಹಿಂದೆ ಒಂದು ಕಪ್ಪು ಕೊಡೆ ಬಿಚ್ಚಿ ಹಿಡಿಯಲು ಯಾರನ್ನಾದರೂ ಕೇಳಿ. ಮಡಿಕೇರಿಯಲ್ಲಿ ಕೊಡೆಗೇನು ಬರವಿಲ್ಲ.

ಸುಣ್ಣ, ಚಾಕ್, ಅಕ್ಕಿಹಿಟ್ಟು, ಎಣ್ಣೆ ಇದ್ಯಾವುದನ್ನೂ ಕಲ್ಲಿಗೆ ಹಚ್ಚಬೇಡಿ. ‘ಹಚ್ಚಿದರೆ ಅಕ್ಷರ ಎದ್ದು ಕಾಣುತ್ತೆ’ ಅಂತ ಹೇಳುವವರು ಎಲ್ಲ ಊರಲ್ಲೂ ಇರುತ್ತಾರೆ. ಕಾಣೋದು ನಿಜ. ಆದರೆ ಆ ಪುಡಿ ಕಲ್ಲಿನ ಸಣ್ಣ ಸಣ್ಣ ತೂತಲ್ಲಿ ಹಾಗೇ ಉಳಿಯುತ್ತದೆ, ಎಣ್ಣೆಯಂತೂ ಧೂಳು ಹಿಡಿದು ಪದರ ಕಟ್ಟುತ್ತದೆ. ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ಅಷ್ಟೇ ಸಾಕು.

ಕಲ್ಲಿನಲ್ಲಿ ಇರೋದನ್ನು ಇದ್ದ ಹಾಗೆ ಬರೆದುಕೊಳ್ಳಿ. ತಪ್ಪು ಕಾಗುಣಿತ ಇದ್ದರೆ ತಪ್ಪನ್ನೇ ಬರೆಯಿರಿ. ತಿದ್ದುವುದು ಆಮೇಲೆ.

ಸಾಲನ್ನು ಬಿಡಿಸುವುದು

ಈಗ ನಂಬರ್ ನೋಡಿ. ಸ್ವಾತಂತ್ರ್ಯದ ನಂತರದ ಸೇನೆಯವರಾದರೆ, ‘ಐಸಿ’ ಅಂತ ಶುರುವಾದರೆ ಆಫೀಸರ್, ‘ಜೆಸಿ’ ಅಂತ ಇದ್ದರೆ ಸುಬೇದಾರ್ ದರ್ಜೆಯವರು, ಬರೀ ಉದ್ದದ ಅಂಕಿ ಮತ್ತು ಕೊನೆಗೊಂದು ಇಂಗ್ಲಿಷ್ ಅಕ್ಷರ ಇದ್ದರೆ ಜವಾನ, ನಾಯಕ್ ಅಥವಾ ಹವಾಲ್ದಾರ್. ಮೊದಲ ಅಂಕಿಗಳನ್ನು ನೋಡಿಯೇ ಹಳೆಯ ಸೈನಿಕರು ‘ಇವನು ನಮ್ಮ ಪಲ್ಟನ್‌ನವನು’ ಅಂತ ಹೇಳಿಬಿಡುತ್ತಾರೆ.

ಹುದ್ದೆಯ ಹೆಸರಲ್ಲೂ ಸುಳಿವು ಇದೆ. ಸಿಪಾಯಿ ಅಂದರೆ ಸಾಮಾನ್ಯವಾಗಿ ಪದಾತಿ ದಳ. ಸ್ಯಾಪರ್ ಅಂತ ಇದ್ದರೆ ಇಂಜಿನಿಯರ್ಸ್, ಕರ್ನಾಟಕದವರಾದರೆ ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಮದ್ರಾಸ್ ಇಂಜಿನಿಯರ್ ಗ್ರೂಪ್ ಇರುವ ಸಾಧ್ಯತೆ ಜಾಸ್ತಿ. ಗನ್ನರ್ ಅಂದರೆ ಫಿರಂಗಿ ದಳ, ಸಿಗ್ನಲ್‌ಮನ್ ಅಂದರೆ ಸಿಗ್ನಲ್ಸ್, ಕ್ರಾಫ್ಟ್ಸ್‌ಮನ್ ಅಂದರೆ ಇಎಂಇ (ಯಂತ್ರ, ವಾಹನ ರಿಪೇರಿಯ ದಳ), ಸವಾರ್ ಅಥವಾ ದಫೇದಾರ್ ಅಂದರೆ ಅಶ್ವದಳ, ಅಂದರೆ ಈಗಿನ ಟ್ಯಾಂಕ್ ದಳ. ಕೊಡಗಿನವರಿಗೆಲ್ಲ ಗೂರ್ಖಾಗಳ ಹಾಗೆ ತಮ್ಮದೇ ಒಂದು ದೊಡ್ಡ ಪದಾತಿ ರೆಜಿಮೆಂಟ್ ಇದೆ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಇಲ್ಲ. 1940ರ ದಶಕದಲ್ಲಿ ಕೂರ್ಗ್ ಹೆಸರಿನ 37ನೇ ಆಂಟಿ ಟ್ಯಾಂಕ್ ರೆಜಿಮೆಂಟ್ ಫಿರಂಗಿ ದಳದಲ್ಲಿ ಕಟ್ಟಿದರು. ಅದು ಬಿಟ್ಟರೆ ಕೊಡಗಿನ ಹುಡುಗರು ಎಲ್ಲ ದಳದಲ್ಲೂ ಹಂಚಿಹೋಗಿದ್ದಾರೆ. ತಿಮ್ಮಯ್ಯನವರನ್ನೇ ನೋಡಿ, ಅವರು ಕುಮಾವೂನ್ ರೆಜಿಮೆಂಟ್‌ನವರು, ಅದರ ಮನೆ ಇರೋದು ದೂರದ ರಾಣಿಖೇತ್‌ನಲ್ಲಿ.

‘ಆರ್‌ಆರ್’ ಅಂತ ಇದ್ದರೆ ಸ್ವಲ್ಪ ಹುಷಾರು. ರಾಷ್ಟ್ರೀಯ ರೈಫಲ್ಸ್‌ಗೆ ಬೇರೆ ಬೇರೆ ದಳದಿಂದ ಎರವಲಾಗಿ ಜವಾನರು ಹೋಗುತ್ತಾರೆ. ಹಾಗಾಗಿ ಅಲ್ಲಿ ತೀರಿಕೊಂಡ ಒಬ್ಬರ ಮೂಲ ದಳ ಫಿರಂಗಿಯೋ ಇಎಂಇಯೋ ಆಗಿರಬಹುದು, ಅವರ ಕಡತ ಇರೋದು ಆ ಮೂಲ ದಳದ ದಾಖಲೆ ಕಚೇರಿಯಲ್ಲಿ.

ಇನ್ನು ‘ಓಪಿ’ ಅಂತ ಒಂದು ಪದ ಇರುತ್ತದೆ, ಆಪರೇಷನ್ ಅಂತ. ಇದೊಂದು ಗೊತ್ತಾದರೆ ಎಲ್ಲಿ, ಯಾವಾಗ ಎರಡೂ ಗೊತ್ತಾದ ಹಾಗೆ. ಓಪಿ ಪವನ್ ಅಂದರೆ ಶ್ರೀಲಂಕಾ, 1987ರಿಂದ. ಓಪಿ ಮೇಘದೂತ್ ಅಂದರೆ ಸಿಯಾಚಿನ್, 1984ರ ಏಪ್ರಿಲ್‌ನಿಂದ. ನಮ್ಮ ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರು 2016ರ ಫೆಬ್ರವರಿಯಲ್ಲಿ ಹಿಮದಡಿ ಆರು ದಿನ ಸಿಲುಕಿ, ಜೀವಂತವಾಗಿ ಸಿಕ್ಕು, 11ರಂದು ದೆಹಲಿಯಲ್ಲಿ ತೀರಿಕೊಂಡಿದ್ದು ನೆನಪಿದೆ ಅಲ್ವಾ, ಅದು ಇದೇ ಸಿಯಾಚಿನ್. ಓಪಿ ರಕ್ಷಕ್ ಅಂದರೆ ಸಾಮಾನ್ಯವಾಗಿ ಕಾಶ್ಮೀರ, ಓಪಿ ರೈನೋ ಅಂದರೆ ಅಸ್ಸಾಂ, ಕ್ಯಾಕ್ಟಸ್ ಲಿಲಿ ಅಂದರೆ 1971ರ ಯುದ್ಧ. ಓಪಿ ವಿಜಯ್ ಅಂತ ಕಂಡ ಕೂಡಲೇ ಕಾರ್ಗಿಲ್ ಅಂತ ಬರೆದುಬಿಡಬೇಡಿ. 1961ರಲ್ಲಿ ಗೋವಾ ಬಿಡಿಸಿದ ಕಾರ್ಯಾಚರಣೆಗೂ ಅದೇ ಹೆಸರು. ವರ್ಷ ನೋಡಿ.

ಹೆಸರಿನ ಗೋಜಲು

ಕೊಡಗಿನ ಸ್ಮಾರಕಗಳಲ್ಲಿ ಜಾಸ್ತಿ ತಲೆ ಕೆಡಿಸೋದು ಇನಿಶಿಯಲ್. ಕೊಡವರಲ್ಲಿ ಒಕ್ಕದ, ಅಂದರೆ ಮನೆತನದ ಹೆಸರು ಮೊದಲು, ಆಮೇಲೆ ಅಪ್ಪನ ಹೆಸರು, ಕೊನೆಗೆ ತನ್ನ ಹೆಸರು. ಸೇನೆಗೆ ಸೇರಿದ ಕೂಡಲೇ ಮೊದಲಿನ ಎರಡೂ ಒಂದೊಂದು ಅಕ್ಷರಕ್ಕೆ ಇಳಿದುಬಿಡುತ್ತವೆ. ಕೆ.ಎಂ. ಕಾರ್ಯಪ್ಪ ಅಂದರೆ ಕೊಡಂದೇರ ಮಾದಪ್ಪ ಕಾರ್ಯಪ್ಪ. ಕೆ.ಎಸ್. ತಿಮ್ಮಯ್ಯ ಅಂದರೆ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಇಬ್ಬರದೂ ಒಂದೇ ಒಕ್ಕ! ಇನಿಶಿಯಲ್ ನೋಡಿ ಯಾರಾದರೂ ಇದನ್ನು ಊಹಿಸಲು ಸಾಧ್ಯವಾ? ದೊಡ್ಡವರದು ಎಲ್ಲರಿಗೂ ಗೊತ್ತು, ಆದರೆ ‘ಸಿಪಾಯಿ ಎಂ.ಬಿ. ಪೊನ್ನಪ್ಪ’ ಅಂತ ಸುಮ್ನೆ ಒಂದು ಉದಾಹರಣೆ ಇಟ್ಟುಕೊಳ್ಳಿ. ‘ಎಂ’ ಅಕ್ಷರದಿಂದ ಶುರುವಾಗುವ ಒಕ್ಕಗಳು ಕೊಡಗಿನಲ್ಲಿ ಎಷ್ಟಿವೆಯೋ, ಪೊನ್ನಪ್ಪಂದಿರು ಅದಕ್ಕಿಂತ ಜಾಸ್ತಿ ಇದ್ದಾರೆ. ಒಕ್ಕದ ಹೆಸರು ಬಿಡಿಸಿಕೊಂಡರೆ ಊರು ಸಿಗುತ್ತದೆ, ಊರು ಸಿಕ್ಕರೆ ಒಕ್ಕದ ಮೂಲ ಮನೆಯಾದ ಐನ್‌ಮನೆ ಸಿಗುತ್ತದೆ, ಐನ್‌ಮನೆಯಲ್ಲಿ ಕೇಳಿದರೆ ಮನುಷ್ಯ ಯಾರು ಅಂತ ಗೊತ್ತಾಗುತ್ತದೆ.

ಬಯಲುಸೀಮೆಯಲ್ಲಾದರೆ ಇದೇ ಕೆಲಸ ಊರಿನ ಇನಿಶಿಯಲ್‌ನಿಂದ ಶುರು ಮಾಡಬೇಕು. ಮೈಸೂರು ಕಡೆ ಮೊದಲ ಅಕ್ಷರ ಎಷ್ಟೋ ಸಲ ಊರಿನದು, ಎರಡನೆಯದು ಅಪ್ಪನದು. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಕೊನೆಗೆ ಬರೋದರಿಂದ ಸ್ವಲ್ಪ ಸಲೀಸು.

ಕಾಗುಣಿತ ಇನ್ನೊಂದು ತಲೆನೋವು. ಸೈನ್ಯದ ದಾಖಲೆಗಳೆಲ್ಲ ಇಂಗ್ಲಿಷ್‌ನಲ್ಲಿ. ಭರ್ತಿ ಮಾಡಿಕೊಂಡ ಗುಮಾಸ್ತನ ಕಿವಿಗೆ ಹೇಗೆ ಕೇಳಿಸಿತೋ ಹಾಗೆ ಬರೆದಿದ್ದಾನೆ. ತಿಮ್ಮಯ್ಯ ಅನ್ನೋದನ್ನು ಒಂದು ‘ಎಂ’ ಹಾಕಿ, ಎರಡು ‘ಎಂ’ ಹಾಕಿ, ‘ಟಿ’ ಆದ ಮೇಲೆ ‘ಹೆಚ್’ ಹಾಕಿ, ಹಾಕದೆ, ಕೊನೆಗೆ ‘ವೈ’ ಅಥವಾ ‘ಐ’ ಹಾಕಿ ಹೀಗೆ ಎಲ್ಲ ರೀತಿಯಲ್ಲೂ ಹುಡುಕಬೇಕು. ಕಾರ್ಯಪ್ಪನವರು ‘ಸಿ’ಯಿಂದ ಬರೆಯುತ್ತಿದ್ದರು, ಅದೇ ಹೆಸರಿನ ಬೇರೆಯವರು ‘ಕೆ’ಯಲ್ಲಿ ಇರಬಹುದು. ಊರಿನ ಹೆಸರುಗಳೂ ಹಾಗೇ. ಮಡಿಕೇರಿ ಹಳೇ ಕಾಗದದಲ್ಲಿ ಮರ್ಕೆರಾ, ಕುಶಾಲನಗರ ಫ್ರೇಸರ್‌ಪೇಟ್, ಕೊಡಗು ಕೂರ್ಗ್. 1956ರ ತನಕ ಕೂರ್ಗ್ ಪ್ರತ್ಯೇಕ ಆಡಳಿತದಲ್ಲಿತ್ತು, ಆದ್ದರಿಂದ ಮೈಸೂರು ಅಂತ ಹಾಕಿ ಹುಡುಕಿದರೆ ಏನೂ ಸಿಗುವುದಿಲ್ಲ.

1947ಕ್ಕೆ ಮೊದಲಾ, ಆಮೇಲಾ?

ಹುಡುಕುವ ಜಾಗ ಇದರ ಮೇಲೆ ಬದಲಾಗುತ್ತದೆ. ಎರಡೂ ಮಹಾಯುದ್ಧಗಳಲ್ಲಿ ಸತ್ತವರ ಪಟ್ಟಿ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ವೆಬ್‌ಸೈಟ್‌ನಲ್ಲಿದೆ. ಅಲ್ಲಿ ಹುಡುಕಲು ದುಡ್ಡು ಕೊಡಬೇಕಿಲ್ಲ. 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರವರೆಗೆ, ಹಾಗೆಯೇ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ ಸೇವೆಯಲ್ಲಿದ್ದು ತೀರಿಕೊಂಡವರು ಅದರಲ್ಲಿ ಬರುತ್ತಾರೆ. ಹೆಸರಿನ ಜೊತೆ ಎಷ್ಟೋ ಸಲ ‘ಇಂಥವರ ಮಗ, ಇಂಥ ಊರು’ ಅಂತಲೂ ಇರುತ್ತದೆ. ಹೆಸರು ಹಾಕಿ ಸಿಗದಿದ್ದರೆ ನಂಬರ್ ಹಾಕಿ. ಅದೂ ಸಿಗದಿದ್ದರೆ ರೆಜಿಮೆಂಟ್ ಮತ್ತು ವರ್ಷ ಹಾಕಿ ಪಟ್ಟಿ ತೆಗೆದು, ಸುಮ್ನೆ ಕೂತು ಮೇಲಿಂದ ಕೆಳಗೆ ಓದಿ. ಬೇಜಾರಿನ ಕೆಲಸ, ಆದರೆ ಸಿಗೋದು ಹೀಗೇ.

ಸಮಾಧಿ ಎಲ್ಲಿದೆ ಅಂತ ಮನೆಯವರು ಕೇಳುತ್ತಾರೆ. ಹಿಂದೂ ಮತ್ತು ಸಿಖ್ ಸೈನಿಕರನ್ನು ದಹನ ಮಾಡುತ್ತಿದ್ದರಿಂದ ಹೆಚ್ಚಿನವರಿಗೆ ಸಮಾಧಿ ಇರುವುದಿಲ್ಲ, ಯಾವುದೋ ಗೋಡೆಯ ಮೇಲೆ ಹೆಸರು ಇರುತ್ತದೆ. ಬರ್ಮಾದಲ್ಲಿ ತೀರಿಕೊಂಡವರಾದರೆ ರಂಗೂನ್ ಹತ್ತಿರದ ಟೌಕ್ಯಾನ್‌ನಲ್ಲಿ, ಅಲ್ಲಿ ಸುಮಾರು 27,000 ಹೆಸರುಗಳಿವೆ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್‌ಗೆ ಹೋದವರು ನವ್ ಶಪೆಲ್‌ನಲ್ಲಿ, ಅಲ್ಲಿ 4,700ಕ್ಕೂ ಹೆಚ್ಚು ಹೆಸರು. ದೆಹಲಿಯ ಇಂಡಿಯಾ ಗೇಟ್ ಮೇಲೆ ಎಲ್ಲರ ಹೆಸರೂ ಇದೆ ಅನ್ನೋದು ಒಂದು ತಪ್ಪು ನಂಬಿಕೆ. ಅದು 70,000ಕ್ಕೂ ಹೆಚ್ಚು ಸೈನಿಕರ ನೆನಪಿಗೆ ಕಟ್ಟಿದ್ದು ಹೌದು, ಆದರೆ ಕೆತ್ತಿರುವುದು 13,000ಕ್ಕೆ ಸ್ವಲ್ಪ ಮೇಲೆ, ಅದೂ ಮುಖ್ಯವಾಗಿ ವಾಯವ್ಯ ಗಡಿಯಲ್ಲಿ ಸತ್ತವರದು.

ಮೈಸೂರು ಸಂಸ್ಥಾನದ ಕಡೆಯವರಾದರೆ ಇನ್ನೊಂದು ದಾರಿ ನೋಡಿ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಗೆದ್ದ ಕುದುರೆ ದಳ ಇದು, ಮಹಾರಾಜರ ಪಡೆ.

1947ರ ನಂತರದವರಿಗೆ ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ. 2019ರ ಫೆಬ್ರವರಿ 25ರಂದು ಉದ್ಘಾಟನೆ ಆದಾಗ ಅದರಲ್ಲಿ 25,942 ಹೆಸರುಗಳಿದ್ದವು, ಆಮೇಲೆ ಸೇರುತ್ತಾ ಬಂದಿವೆ. ವೆಬ್‌ಸೈಟ್‌ನಲ್ಲಿ ಹೆಸರು ಹುಡುಕಬಹುದು. ಪದಕ ಬಂದಿದ್ದರೆ ಕೇಂದ್ರ ಸರ್ಕಾರದ ಶೌರ್ಯ ಪ್ರಶಸ್ತಿಗಳ ವೆಬ್‌ಸೈಟ್‌ನಲ್ಲಿ ಏನು ಮಾಡಿದ್ದಕ್ಕೆ ಪದಕ ಬಂತು ಅನ್ನೋ ವಿವರವೂ ಸಿಗುತ್ತದೆ.

ದಾಖಲೆಯೇ ಕೊನೆಯ ಮಾತಲ್ಲ

ಇದಕ್ಕೆ ಮಡಿಕೇರಿಯ ದೇವಯ್ಯನವರ ಕಥೆ ಸಾಕು. 1965ರ ಸೆಪ್ಟೆಂಬರ್ 7ರಂದು ಪಂಜಾಬಿನ ಆದಂಪುರದಿಂದ ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲೆ ಮಿಸ್ಟೇರ್ ವಿಮಾನಗಳ ದಾಳಿ ಹೊರಟಿತು. ದೇವಯ್ಯನವರು ಮೀಸಲು ಪೈಲಟ್, ಗುಂಪಿನ ಜೊತೆ ಹೋಗಿ ಸೇರಿಕೊಂಡರು. ವಾಪಸ್ ಬರುವಾಗ ಒಂದು ಎಫ್-104 ಸ್ಟಾರ್‌ಫೈಟರ್ ಅಡ್ಡ ಬಂತು, ಅದು ಆ ಕಾಲಕ್ಕೆ ಮಿಸ್ಟೇರ್‌ಗಿಂತ ಎಷ್ಟೋ ವೇಗದ ವಿಮಾನ. ದೇವಯ್ಯ ಹಿಂದಿರುಗಲಿಲ್ಲ. ಇಲ್ಲಿನ ಕಡತದಲ್ಲಿ ಅವರು ಬಹಳ ವರ್ಷ ಬರೀ ‘ಕಾಣೆಯಾದವರು’. ಏಟು ತಿಂದ ಮೇಲೂ ಅವರು ಆ ಸ್ಟಾರ್‌ಫೈಟರನ್ನು ಕೆಡವಿದ್ದರು ಅನ್ನೋದು ಗೊತ್ತಾಗಿದ್ದು, ಪಾಕಿಸ್ತಾನದ ವಾಯುಪಡೆ ಬಗ್ಗೆ ಬ್ರಿಟಿಷ್ ಬರಹಗಾರರೊಬ್ಬರು ಬರೆದ ಪುಸ್ತಕ ಹೊರಗೆ ಬಂದ ಮೇಲೆ. ಮಹಾವೀರ ಚಕ್ರ ಬಂದಿದ್ದು 1988ರಲ್ಲಿ, 23 ವರ್ಷ ಆದ ಮೇಲೆ.

ಅಂದರೆ ‘ಕಾಣೆ’ ಅಂತ ಬರೆದ ಕಡೆ ನಿಲ್ಲಬೇಡಿ. ಆ ದಿನ, ಆ ಜಾಗದಲ್ಲಿ ಎದುರು ಕಡೆಯವರು ಏನು ಬರೆದಿದ್ದಾರೆ ಅಂತಲೂ ನೋಡಿ. ಅದೇ ತುಕಡಿಯ ಬೇರೆಯವರ ಕಥೆಯಲ್ಲೂ ನಿಮ್ಮವರು ಸಿಗಬಹುದು. ಕೆಲವು ಕಥೆಗಳು ಒಂದೇ ಮನೆಯೊಳಗೂ ಎರಡು ದಾರಿ ಹಿಡಿದಿರುತ್ತವೆ. ತಿಮ್ಮಯ್ಯನವರು ಬರ್ಮಾದಲ್ಲಿ ಬ್ರಿಟಿಷ್ ಇಂಡಿಯನ್ ಸೇನೆಯ ಬೆಟಾಲಿಯನ್ ನಡೆಸುತ್ತಿದ್ದರೆ, ಅವರ ಸಹೋದರ ಪೊನ್ನಪ್ಪ ಸುಭಾಷರ ಆಜಾದ್ ಹಿಂದ್ ಫೌಜ್‌ನಲ್ಲಿದ್ದರು.

ಜನರನ್ನು ಕೇಳುವುದು

ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಗೆ ಹೋಗಿ, ಒಂದು ಅರ್ಜಿ ಬರೆದುಕೊಡಿ. ದಳದ ದಾಖಲೆ ಕಚೇರಿಗಳು ಹತ್ತಿರದ ಸಂಬಂಧಿಕರಿಗೇ ಮಾಹಿತಿ ಕೊಡೋದು ಜಾಸ್ತಿ. ಅದಕ್ಕೆ ಮನೆಯವರ ಕೈಯಿಂದಲೇ ಪತ್ರ ಬರೆಸಿ, ನಂಬರ್ ಮರೆಯಬೇಡಿ. ಫಿರಂಗಿ ದಳದವರಾದರೆ ನಾಸಿಕ್ ರೋಡ್, ಮದ್ರಾಸ್ ರೆಜಿಮೆಂಟ್ ಆದರೆ ನೀಲಗಿರಿಯ ವೆಲ್ಲಿಂಗ್ಟನ್, ಮರಾಠಾ ಲೈಟ್ ಇನ್‌ಫೆಂಟ್ರಿ ಆದರೆ ಬೆಳಗಾವಿ.

ಆದರೆ ನನ್ನ ಅಭಿಪ್ರಾಯದಲ್ಲಿ ಕಚೇರಿಗಿಂತ ಒಳ್ಳೆ ಜಾಗ ಮಿಲಿಟರಿ ಕ್ಯಾಂಟೀನ್ ಮುಂದಿನ ಸಾಲು. ಎಲ್ಲ ದಳದ ನಿವೃತ್ತರೂ ಅಲ್ಲಿ ಇರುತ್ತಾರೆ, ಹೊತ್ತು ಕಳೆಯಬೇಕಾಗಿರುತ್ತದೆ, ಮಾತಿಗೆ ಸಿಕ್ಕರೆ ಬಿಡುವುದಿಲ್ಲ. ನಂಬರ್ ಮತ್ತು ದಳ ಹೇಳಿ. ‘ಅವನಾ? ಅವನ ಜೊತೆಗಿದ್ದವನು ಇಂಥ ಊರಲ್ಲಿದ್ದಾನೆ’ ಅಂತ ಒಂದು ಎಳೆ ಖಂಡಿತ ಸಿಗುತ್ತದೆ. ಕೊಡಗಿನಲ್ಲಾದರೆ ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಅಥವಾ ಪುತ್ತರಿ ಹಬ್ಬದ ಸಮಯದಲ್ಲಿ ಹೋಗಿ, ದೂರದೂರಲ್ಲಿ ಇರುವವರೂ ಆಗ ಊರಿಗೆ ಬಂದಿರುತ್ತಾರೆ. ಜುಲೈ 26ರ ಕಾರ್ಗಿಲ್ ವಿಜಯ ದಿವಸಕ್ಕೆ ಸ್ಮಾರಕದ ಹತ್ತಿರ ಜನ ಸೇರುತ್ತಾರೆ, ಆದರೆ ಮಡಿಕೇರಿಯ ಆ ಮಳೆಯಲ್ಲಿ ಯಾರೂ ನಿಂತು ಮಾತಾಡುವುದಿಲ್ಲ.

ಮನೆಗೆ ಹೋದಾಗ ‘ಹೇಗೆ ತೀರಿಕೊಂಡರು’ ಅಂತ ಶುರು ಮಾಡಬೇಡಿ. ಫೋಟೋ ಇದೆಯಾ, ಕಾಗದ ಇದೆಯಾ, ರಜೆಗೆ ಬಂದಾಗ ಏನು ಮಾಡುತ್ತಿದ್ದರು ಅಂತ ಕೇಳಿ. ಉಳಿದದ್ದು ತಾನಾಗಿ ಬರುತ್ತದೆ, ಬರದಿದ್ದರೆ ಬಿಟ್ಟುಬಿಡಿ. ಫೋನ್ ರೆಕಾರ್ಡಿಂಗ್ ಮಾಡುವುದಾದರೆ ಹೇಳಿಯೇ ಮಾಡಿ.

ಪದಕ ತೋರಿಸಿದರೆ ಎದುರಿನ ಚಿತ್ರ ನೋಡಿ ಸುಮ್ಮನಾಗಬೇಡಿ, ಅಂಚನ್ನು ನೋಡಿ. ಮೊದಲ ಮಹಾಯುದ್ಧದ ಬೆಳ್ಳಿಯ ವಾರ್ ಮೆಡಲ್ ಅಂಚಿನಲ್ಲಿ, ಉಗುರಿನಷ್ಟೂ ಅಗಲ ಇಲ್ಲದ ಪಟ್ಟಿಯಲ್ಲಿ, ನಂಬರ್, ಹುದ್ದೆ, ಹೆಸರು, ದಳ ನಾಲ್ಕನ್ನೂ ಕೊರೆದಿರುತ್ತಾರೆ. ಸ್ವತಂತ್ರ ಭಾರತದ ಪದಕಗಳಲ್ಲೂ ಅಂಚಿನಲ್ಲಿ ಹೆಸರು ಇರುತ್ತದೆ. ಭೂತಗನ್ನಡಿ ಹಿಡಿದು, ಪದಕವನ್ನು ಮೆಲ್ಲಗೆ ತಿರುಗಿಸುತ್ತಾ ಓದಿ. ಕಪ್ಪಾಗಿದೆ ಅಂತ ಹುಣಸೆಹಣ್ಣು ಹಾಕಿ ಉಜ್ಜಲು ಬಿಡಬೇಡಿ, ಆ ಅಕ್ಷರಗಳೂ ಉಜ್ಜಿಹೋಗುತ್ತವೆ. ಬೆಳ್ಳಿ ಆಗಿದ್ದರಿಂದ ಎಷ್ಟೋ ಮನೆಗಳಲ್ಲಿ ಇವು ಅಕ್ಕಸಾಲಿಗನ ಮೂಸೆಗೆ ಹೋಗಿವೆ. ನಿಮಗೆ ಕಂಡಿತು ಅಂದರೆ ಅದೃಷ್ಟ, ಎರಡೂ ಬದಿ ಮತ್ತು ಇಡೀ ಅಂಚಿನ ಫೋಟೋ ತೆಗೆದುಕೊಳ್ಳಿ.

ನಿಮ್ಮೂರಲ್ಲಿ ಸ್ಮಾರಕವೇ ಇಲ್ಲವಾ?

ಊರಾಚೆ ದೇವಸ್ಥಾನದ ಹಿಂದೆ, ಕೆರೆ ಏರಿ ಮೇಲೆ ನೋಡಿ, ವೀರಗಲ್ಲು ಇರಬಹುದು. ಸಾಮಾನ್ಯವಾಗಿ ಮೂರು ಪಟ್ಟಿ ಇರುತ್ತವೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಲಿಂಗದ ಮುಂದೆ ಕೂತ ವೀರ, ಜೊತೆಗೆ ಸೂರ್ಯ ಚಂದ್ರ. ದನಗಳು ಕಂಡರೆ ಅದು ತುರುಗೋಳಿನಲ್ಲಿ, ಅಂದರೆ ದನ ಹಿಡಿಯುವ ಕಾಳಗದಲ್ಲಿ ಸತ್ತವನದು. ಬಿ.ಎಲ್. ರೈಸ್ ಶುರು ಮಾಡಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳು ತಾಲ್ಲೂಕುವಾರು ಇವೆ, 1886ರಲ್ಲಿ ಬಂದ ಮೊದಲ ಸಂಪುಟವೇ ಕೊಡಗಿನ ಶಾಸನಗಳದು. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲನ್ನಂತೂ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿ ಹೋಗಿ ನೋಡಿ. ಚೋಳರ ಜೊತೆಗಿನ ತಕ್ಕೋಲಂ ಯುದ್ಧದ ಕಾಲದ್ದು, ಸುಮಾರು 949-50. ಅದರಲ್ಲಿ ಕಾಡುಹಂದಿ ಜೊತೆ ಕಾದಾಡಿ ಸತ್ತ ಕಾಳಿ ಅನ್ನೋ ನಾಯಿಯ ಹೆಸರು ಕೂಡ ಇದೆ. ಸಾವಿರ ವರ್ಷದ ಹಿಂದಿನ ನಾಯಿಯ ಹೆಸರು ಗೊತ್ತು, 1944ರ ಸಿಪಾಯಿಯ ಅಪ್ಪನ ಹೆಸರು ಗೊತ್ತಿಲ್ಲ, ಹೀಗಿದೆ ನಮ್ಮ ಕಥೆ.

ಸಿಕ್ಕಿದ್ದನ್ನು ಏನು ಮಾಡೋದು

ಒಬ್ಬೊಬ್ಬರಿಗೆ ಒಂದು ಪುಟ. ಕಲ್ಲಿನಲ್ಲಿ ಇದ್ದ ಸಾಲು ಮೇಲೆ, ಪೂರ್ತಿ ಹೆಸರು, ಊರು, ದಳ, ದಿನ, ಜಾಗ, ಹೆಸರು ಇನ್ನೆಲ್ಲಿ ಕೆತ್ತಿದೆ ಅನ್ನೋದು ಕೆಳಗೆ. ಯಾವುದು ದಾಖಲೆಯಿಂದ, ಯಾವುದು ಮನೆಯವರ ಬಾಯಿಂದ ಅಂತ ಬೇರೆ ಬೇರೆ ಗುರುತು ಹಾಕಿ. ಬದುಕಿರುವವರ ವಿಳಾಸ, ಫೋನ್ ನಂಬರ್ ಅದರಲ್ಲಿ ಬೇಡ. ಒಂದು ಪ್ರತಿ ಮನೆಯವರಿಗೆ, ಒಂದು ಊರಿನ ಲೈಬ್ರರಿಗೆ, ಒಂದು ಅವರು ಓದಿದ ಶಾಲೆಗೆ.

ಕಲ್ಲಿನಲ್ಲೇ ತಪ್ಪಿದ್ದರೆ ಪುರಸಭೆಗೋ ಪಂಚಾಯಿತಿಗೋ ಪತ್ರ ಕೊಡಿ, ಜೊತೆಗೆ ದಾಖಲೆಯ ಪ್ರತಿ ಇಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮಾಜಿ ಸೈನಿಕರ ಸಂಘದವರನ್ನು ಜೊತೆಗೆ ಕರೆದುಕೊಂಡು ಹೋದರೆ ಕೆಲಸ ಬೇಗ ಆಗುತ್ತದೆ. ವಾರ್ ಗ್ರೇವ್ಸ್ ಕಮಿಷನ್‌ನವರ ಪಟ್ಟಿಯಲ್ಲಿ ತಪ್ಪಿದ್ದರೆ ಅವರ ವೆಬ್‌ಸೈಟ್ ಮೂಲಕವೇ ಬರೆಯಬಹುದು, ಪುರಾವೆ ಇದ್ದರೆ ತಿದ್ದುತ್ತಾರೆ. ಹೊಸದಾಗಿ ಕೆತ್ತಿಸುವ ಮಾತು ಬಂದರೆ, ಕಲ್ಲಿನವನಿಗೆ ಕೊಡುವ ಮೊದಲು ಕಾಗದದ ಮೇಲೆ ಅಚ್ಚು ಹಾಕಿಸಿ ಮನೆಯವರಿಂದ ಸಹಿ ಮಾಡಿಸಿಕೊಳ್ಳಿ, ಒಕ್ಕದ ಹೆಸರು ಇನಿಶಿಯಲ್ ಆಗದೆ ಪೂರ್ತಿ ಬಂದಿದೆಯಾ ಅಂತ ಇನ್ನೊಮ್ಮೆ ನೋಡಿ.